ವೇಶ್ಯಾವೃತ್ತಿಯ ಕಾನೂನು: ದಿನನಿತ್ಯದ ಬದುಕಿನ ಮೇಲೆ ಅದರ ನೆರಳು

1986ರಲ್ಲಿ ಮದರಾಸಿನ ಸೂಕ್ಷ್ಮಜೀವಿಶಾಸ್ತ್ರಜ್ಞೆ ಡಾ. ಸುನೀತಿ ಸಾಲೊಮನ್ ಹಾಗೂ ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಕೆಲವು ಹೆಂಗಸರ ರಕ್ತದ ಮಾದರಿಗಳನ್ನು ಸಂಗ್ರಹಿಸಿ ವೆಲ್ಲೂರಿನ ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷೆಗೆ ಒಳಪಡಿಸಿದರು. ಅವುಗಳಲ್ಲಿ ಆರು ಮಾದರಿಗಳು ಏಡ್ಸ್ ರೋಗದ ವೈರಾಣುವನ್ನು ತೋರಿದವು. ಭಾರತದಲ್ಲಿ ಈ ರೋಗಾಣು ಪತ್ತೆಯಾದುದು ಅದೇ ಮೊದಲು. ಆ ಸಂಗತಿ ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಆದರೆ ಆ ರಕ್ತ ದೊರೆತುದು ಎಲ್ಲಿಂದ ಎಂಬ ಅಂಶ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. ಆ ಮಾದರಿಗಳು ಬಹುಮಟ್ಟಿಗೆ ದೊರೆತುದು, ವೇಶ್ಯಾವೃತ್ತಿಯ ಕಾನೂನಿನಡಿ ನ್ಯಾಯಾಲಯಗಳು ಕಳುಹಿಸಿದ ಹೆಂಗಸರನ್ನು ಇರಿಸುತ್ತಿದ್ದ ರಕ್ಷಣಾಗೃಹದಲ್ಲಿ. ಹೀಗೆ ಈ ದೇಶದಲ್ಲಿ ಏಡ್ಸ್ ರೋಗದ ಕಥೆ ಆರಂಭದಿಂದಲೇ ಕಾನೂನಿನ ಬೀಗದೊಂದಿಗೆ ಹೆಣೆದುಕೊಂಡಿದೆ.

ವೇಶ್ಯಾವೃತ್ತಿಯ ವಿಷಯ ಬಂದಾಗ ಸಭ್ಯರು ಮಾತು ಮರೆಸುವುದು ವಾಡಿಕೆ. ಅದು ನೀತಿಯ ಪ್ರಶ್ನೆ, ಇಲ್ಲವೇ ಪೊಲೀಸರ ಕೆಲಸ ಎಂದು ಬದಿಗಿಡುವವರೇ ಹೆಚ್ಚು. ಆದರೆ ಒಬ್ಬ ಹೆಂಗಸು ಎಲ್ಲಿ ವಾಸಿಸಬೇಕು, ಯಾರೊಡನೆ ಇರಬೇಕು, ಆಕೆಯ ಮಗ ಯಾರ ಅನ್ನ ಉಣ್ಣಬೇಕು, ರೋಗ ಬಂದಾಗ ಆಕೆ ಆಸ್ಪತ್ರೆಗೆ ಹೋಗುತ್ತಾಳೆಯೇ ಅಥವಾ ಅಡಗಿಕೊಳ್ಳುತ್ತಾಳೆಯೇ ಎಂಬುದನ್ನೆಲ್ಲ ಕಾನೂನಿನ ಕೆಲವು ಸಾಲುಗಳು ನಿರ್ಧರಿಸುತ್ತವೆ. ಆಕೆಯ ಆರೋಗ್ಯದ ಮೂಲಕ ಇಡೀ ನಗರದ ಆರೋಗ್ಯವೂ ಆ ಸಾಲುಗಳಿಗೆ ಕಟ್ಟುಬಿದ್ದಿದೆ. ಆದುದರಿಂದ ಆ ಕಾನೂನು ನಿಜವಾಗಿ ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ಹಿಂದಿನ ಪಾಠ

ಕಾನೂನಿನ ಮೂಲಕ ಗುಪ್ತರೋಗಗಳನ್ನು ಹತೋಟಿಗೆ ತರುವ ಪ್ರಯತ್ನ ಈ ದೇಶಕ್ಕೆ ಹೊಸದಲ್ಲ. ಬ್ರಿಟಿಷ್ ಸೈನಿಕರಲ್ಲಿ ಸಿಫಿಲಿಸ್ ಮೊದಲಾದ ರೋಗಗಳು ಹರಡುತ್ತಿದ್ದುದನ್ನು ಕಂಡ ಅಂದಿನ ಸರ್ಕಾರ 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಅದರಂತೆ ವೇಶ್ಯೆಯರು ತಮ್ಮ ಹೆಸರನ್ನು ನೋಂದಾಯಿಸಬೇಕಾಗಿತ್ತು. ಗೊತ್ತಾದ ದಿನಗಳಲ್ಲಿ ವೈದ್ಯಪರೀಕ್ಷೆಗೆ ಹಾಜರಾಗಬೇಕಾಗಿತ್ತು. ರೋಗ ಕಂಡುಬಂದವರನ್ನು 'ಲಾಕ್ ಆಸ್ಪತ್ರೆ' ಎಂಬ ವಿಶೇಷ ಆಸ್ಪತ್ರೆಗಳಲ್ಲಿ ಕೂಡಿಹಾಕಲಾಗುತ್ತಿತ್ತು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿಯೂ ಅಂಥ ಆಸ್ಪತ್ರೆಯಿತ್ತು. ರೋಗವನ್ನು ಹೊತ್ತು ತಿರುಗುತ್ತಿದ್ದ ಸೈನಿಕನಿಗೆ ಮಾತ್ರ ಈ ಕಾಯಿದೆಯಡಿ ಯಾವ ಕಟ್ಟುಪಾಡೂ ಇರಲಿಲ್ಲ.

ಪರಿಣಾಮವೇನಾಯಿತು? ಹೆಂಗಸರು ನೋಂದಣಿಯಿಂದ ತಪ್ಪಿಸಿಕೊಂಡರು, ಊರು ಬಿಟ್ಟರು, ರೋಗವನ್ನು ಮುಚ್ಚಿಟ್ಟರು. ಇಂಗ್ಲೆಂಡಿನಲ್ಲಿ ಇಂಥದೇ ಕಾಯಿದೆಯ ವಿರುದ್ಧ ಜೋಸೆಫಿನ್ ಬಟ್ಲರ್ ಎಂಬ ಮಹಿಳೆ ದೀರ್ಘಕಾಲ ಚಳವಳಿ ನಡೆಸಿದರು. ಅಲ್ಲಿ ಕಾಯಿದೆ 1886ರಲ್ಲಿ ರದ್ದಾಯಿತು, ಭಾರತದಲ್ಲಿ 1888ರಲ್ಲಿ. ಬಲವಂತದಿಂದ ರೋಗಿಯನ್ನು ಹುಡುಕಹೊರಟರೆ ರೋಗಿ ಮರೆಯಾಗುತ್ತಾನೆ, ರೋಗ ಮಾತ್ರ ಉಳಿಯುತ್ತದೆ ಎಂಬ ಪಾಠವನ್ನು ಆ ಇಪ್ಪತ್ತು ವರ್ಷಗಳು ಕಲಿಸಿಕೊಟ್ಟವು. ದುರದೃಷ್ಟವಶಾತ್ ಆ ಪಾಠವನ್ನು ಮುಂದಿನವರು ಪೂರ್ತಿಯಾಗಿ ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ.

ಸ್ವಾತಂತ್ರ್ಯಾನಂತರ ಭಾರತವು 1950ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿತು. ಅದನ್ನು ಪಾಲಿಸುವ ಸಲುವಾಗಿ ಸಂಸತ್ತು 1956ರಲ್ಲಿ ಮಹಿಳೆಯರ ಹಾಗೂ ಬಾಲಕಿಯರ ಅನೈತಿಕ ಸಾಗಾಟವನ್ನು ತಡೆಗಟ್ಟುವ ಕಾಯಿದೆಯನ್ನು ಅಂಗೀಕರಿಸಿತು. 1958ರ ಮೇ 1ರಂದು ಅದು ಜಾರಿಗೆ ಬಂದಿತು. ಅದೇ ದಿನ ಹುಸ್ನಾ ಬಾಯಿ ಎಂಬ ಇಪ್ಪತ್ತನಾಲ್ಕು ವರ್ಷದ ಯುವತಿ ಅಲಹಾಬಾದಿನ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದಳು. ಸಂವಿಧಾನವು ಎಲ್ಲ ಪ್ರಜೆಗಳಿಗೂ ಕೊಟ್ಟಿರುವ ವೃತ್ತಿಸ್ವಾತಂತ್ರ್ಯವನ್ನು ಈ ಕಾಯಿದೆ ತನ್ನಿಂದ ಕಸಿದುಕೊಳ್ಳುತ್ತದೆಂಬುದು ಆಕೆಯ ವಾದವಾಗಿತ್ತು. ಅರ್ಜಿ ಊರ್ಜಿತವಾಗಲಿಲ್ಲ. ಆದರೂ ತಾನೂ ಈ ದೇಶದ ಪ್ರಜೆಯೆಂದು ಅಂಥ ಹೆಂಗಸೊಬ್ಬಳು ನ್ಯಾಯಪೀಠದ ಮುಂದೆ ಹೇಳಿಕೊಂಡುದು ಸಣ್ಣ ಸಂಗತಿಯೇನಲ್ಲ.

ಕಾನೂನು ಹೇಳುವುದೇನು?

1956ರ ಕಾಯಿದೆಗೆ 1978ರಲ್ಲಿಯೂ 1986ರಲ್ಲಿಯೂ ತಿದ್ದುಪಡಿಗಳಾದವು. ಈಗ ಅದರ ಹೆಸರು ಅನೈತಿಕ ವ್ಯವಹಾರ ತಡೆ ಕಾಯಿದೆ. ಬಹು ಮಂದಿಗೆ ತಿಳಿಯದ ಸಂಗತಿಯೆಂದರೆ, ವಯಸ್ಕ ಹೆಂಗಸು ಸ್ವಂತ ಇಚ್ಛೆಯಿಂದ ಹಣಕ್ಕಾಗಿ ದೇಹವನ್ನು ಒಪ್ಪಿಸುವುದು ಈ ಕಾಯಿದೆಯ ಪ್ರಕಾರ ತನ್ನಷ್ಟಕ್ಕೆ ತಾನೇ ಅಪರಾಧವಲ್ಲ. ಅಪರಾಧಗಳೆಂದು ಎಣಿಸಲಾಗಿರುವುದು ಅದರ ಸುತ್ತಲಿನ ಕೃತ್ಯಗಳು. ಮುಖ್ಯವಾದವು ಇವು:

1. ವೇಶ್ಯಾಗೃಹವನ್ನು ನಡೆಸುವುದು, ಮತ್ತು ಅದಕ್ಕಾಗಿ ಎಂದು ತಿಳಿದೂ ಮನೆಯನ್ನು ಬಾಡಿಗೆಗೆ ಕೊಡುವುದು (ಕಲಂ 3).

2. ಹದಿನೆಂಟು ವರ್ಷ ಮೀರಿದ ಯಾರೇ ಆಗಲಿ, ಇನ್ನೊಬ್ಬರ ವೇಶ್ಯಾವೃತ್ತಿಯ ಗಳಿಕೆಯ ಮೇಲೆ ತಿಳಿದೂ ಪೂರ್ತಿಯಾಗಿ ಅಥವಾ ಭಾಗಶಃ ಜೀವಿಸುವುದು (ಕಲಂ 4).

3. ಯಾರನ್ನಾದರೂ ಈ ವೃತ್ತಿಗೆ ತರುವುದು, ಪುಸಲಾಯಿಸಿ ಕರೆದೊಯ್ಯುವುದು, ಬಂಧನದಲ್ಲಿ ಇರಿಸುವುದು (ಕಲಂ 5 ಮತ್ತು 6).

4. ಪೂಜಾಸ್ಥಳ, ವಿದ್ಯಾಸಂಸ್ಥೆ, ವಿದ್ಯಾರ್ಥಿನಿಲಯ, ಆಸ್ಪತ್ರೆ ಮುಂತಾದ ಸ್ಥಳಗಳಿಂದ 200 ಮೀಟರುಗಳ ಒಳಗೆ ವೃತ್ತಿ ನಡೆಸುವುದು (ಕಲಂ 7).

5. ಸಾರ್ವಜನಿಕ ಸ್ಥಳದಲ್ಲಿ ಮಾತಿನಿಂದಲೋ ಸನ್ನೆಯಿಂದಲೋ ಗಿರಾಕಿಗಳನ್ನು ಕರೆಯುವುದು (ಕಲಂ 8).

ಇವುಗಳಲ್ಲದೆ, ಒಬ್ಬ ಹೆಂಗಸು ತನ್ನ ಅಧಿಕಾರವ್ಯಾಪ್ತಿಯಲ್ಲಿ ಇರುವುದು ಸಾರ್ವಜನಿಕ ಹಿತಕ್ಕೆ ಒಳಿತಲ್ಲವೆಂದು ತೋರಿದರೆ, ವಿಚಾರಣೆ ನಡೆಸಿ ಆಕೆಯನ್ನು ಅಲ್ಲಿಂದ ಹೊರಗೆ ಕಳುಹಿಸುವ ಅಧಿಕಾರವನ್ನು ಕಲಂ 20 ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಕಾನಪುರದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1960ರ ದಶಕದಲ್ಲಿ ಈ ಕಲಮನ್ನು ಎತ್ತಿಹಿಡಿಯಿತು.

ಈ ನಿಯಮಗಳ ಉದ್ದೇಶ ಒಳ್ಳೆಯದೇ. ಹೆಣ್ಣುಮಕ್ಕಳನ್ನು ಮಾರುವ ದಲ್ಲಾಳಿ, ಅವರ ದುಡಿಮೆಯನ್ನು ಹೀರುವ ಒಡತಿ ಶಿಕ್ಷೆಗೆ ಅರ್ಹರೆಂಬುದರಲ್ಲಿ ಎರಡು ಮಾತಿಲ್ಲ. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಂತೂ ಒಪ್ಪಿಗೆ ಎಂಬ ಮಾತೇ ಏಳುವುದಿಲ್ಲ. ಅದು ಘೋರ ಅಪರಾಧ, ಅದಕ್ಕೆ 2012ರ ಮಕ್ಕಳ ರಕ್ಷಣೆಯ ಪೋಕ್ಸೊ ಕಾಯಿದೆಯೂ ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. ಪ್ರಶ್ನೆಯಿರುವುದು ವಯಸ್ಕ ಹೆಂಗಸಿನ ನಿತ್ಯಜೀವನದಲ್ಲಿ ಈ ಕಲಮುಗಳು ಯಾವ ರೂಪ ತಾಳುತ್ತವೆ ಎಂಬುದರಲ್ಲಿ.

ಕನ್ನಡನಾಡಿನ ನಂಟು

ಆ ಹೆಂಗಸು ಯಾರು ಎಂಬುದನ್ನೂ ನೋಡಬೇಕು. ಮುಂಬಯಿಯ ಕಾಮಾಟಿಪುರಕ್ಕೆ ಆ ಹೆಸರು ಬಂದುದು ತೆಲುಗುನಾಡಿನಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕಾಮಾಟಿಗಳಿಂದ. ಆದರೆ ಅಲ್ಲಿನ ಗಲ್ಲಿಗಳಲ್ಲಿ, ಪುಣೆ, ಸಾಂಗಲಿ, ಕೊಲ್ಹಾಪುರಗಳ ಕೇರಿಗಳಲ್ಲಿ ಕನ್ನಡದ ಮಾತು ಬಹುಕಾಲದಿಂದ ಕೇಳಿಬಂದಿದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳು, ಬಹುಪಾಲು ದಲಿತ ಮನೆತನಗಳವರು, ಬಡತನದ ಬೆನ್ನು ಹತ್ತಿ ಈ ನಗರಗಳಿಗೆ ಬಂದರು.

ಇಲ್ಲಿಯೂ ಕಾನೂನು ಬಹಳ ಹಿಂದೆಯೇ ಕೈಹಾಕಿತ್ತು. ಮೈಸೂರು ಸಂಸ್ಥಾನವು 1909ರಲ್ಲಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಉತ್ತರ ಕರ್ನಾಟಕದ ಜಿಲ್ಲೆಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದರಾಸು ಪ್ರಾಂತದಲ್ಲಿ 1947ರಲ್ಲಿ ಕಾಯಿದೆಗಳಾದವು. ಕರ್ನಾಟಕವು 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಮಗಳನ್ನು ಅರ್ಪಿಸುವ ತಾಯಿತಂದೆಯರಿಗೆ ಇತರರಿಗಿಂತ ಹೆಚ್ಚಿನ ಶಿಕ್ಷೆಯನ್ನು ಗೊತ್ತುಮಾಡಿತು. ಗುಡಿಯ ಮುಂದೆ ನಡೆಯುತ್ತಿದ್ದ ವಿಧಿ ಅನೇಕ ಕಡೆ ಮನೆಯ ಮೂಲೆಗೆ ಸರಿಯಿತೇ ಹೊರತು ಒಮ್ಮೆಗೇ ಅಳಿಯಲಿಲ್ಲ. 1993-94ರಲ್ಲಿಯೂ 2007-08ರಲ್ಲಿಯೂ ಕರ್ನಾಟಕ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳು ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು. ನಿಷೇಧದ ಜೊತೆಗೆ ಅನ್ನದ ದಾರಿ ತೆರೆಯದಿದ್ದರೆ ಕಾನೂನು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮನೆ ಮತ್ತು ಮಕ್ಕಳು

ಅಂಥ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಬಹುದು. ಆಕೆ ಗೋಕಾಕದ ಕಡೆಯ ಹಳ್ಳಿಯವಳು, ಮೂವತ್ತೆಂಟರ ಪ್ರಾಯ, ಜೊತೆಯಲ್ಲಿ ಮುದಿ ತಾಯಿ ಮತ್ತು ಕಾಲೇಜಿಗೆ ಹೋಗುವ ಮಗ.

ಮೊದಲನೆಯ ಪ್ರಶ್ನೆ ವಸತಿಯದು. ತಿಳಿದೂ ಬಾಡಿಗೆ ಕೊಟ್ಟರೆ ಮನೆಯೊಡೆಯ ಅಪರಾಧಿಯಾಗುತ್ತಾನೆ. ಆದುದರಿಂದ ಆಕೆ ತನ್ನ ವೃತ್ತಿಯನ್ನು ಮುಚ್ಚಿಡಬೇಕು, ಇಲ್ಲವೇ ಗಂಡಾಂತರಕ್ಕೆ ಬೆಲೆ ಕಟ್ಟಿ ಎರಡು ಪಟ್ಟು, ಮೂರು ಪಟ್ಟು ಬಾಡಿಗೆ ಕೇಳುವವನ ಖೋಲಿಗೇ ಹೋಗಬೇಕು. ಕರಾರುಪತ್ರವಿಲ್ಲ, ರಸೀತಿಯಿಲ್ಲ; ಹೊರಗೆ ಹಾಕಿದರೆ ಕೇಳುವವರಿಲ್ಲ. ಕಾನೂನು ಶಿಕ್ಷಿಸಹೊರಟುದು ಲಾಭಕೋರನನ್ನು. ಆದರೆ ಅದರ ಭಯವೇ ಲಾಭಕೋರನ ಬಂಡವಾಳವಾಗಿ ಪರಿಣಮಿಸುತ್ತದೆ.

ಎರಡನೆಯದು ಸುರಕ್ಷತೆಯದು. ಪರಸ್ಪರ ಲಾಭಕ್ಕಾಗಿ ಇಬ್ಬರು ಹೆಂಗಸರು ಒಂದೇ ಕೋಣೆಯನ್ನು ಬಳಸಿದರೂ ಅದು ಕಾಯಿದೆಯ ವ್ಯಾಖ್ಯೆಯಂತೆ ವೇಶ್ಯಾಗೃಹವಾಗಬಹುದು. ಒಬ್ಬಳೇ ಇದ್ದರೆ ಕಾನೂನಿನ ಬಾಧೆ ಕಡಿಮೆ. ಆದರೆ ಕುಡಿದು ಬಂದ ಗಿರಾಕಿ ಕತ್ತು ಹಿಚುಕಿದರೆ ಕೂಗಿಗೆ ಓಗೊಡುವವರು ಯಾರೂ ಇರುವುದಿಲ್ಲ. ಗೆಳತಿಯೊಬ್ಬಳು ಪಕ್ಕದಲ್ಲಿದ್ದರೆ ಜೀವಕ್ಕೆ ಕ್ಷೇಮ, ಕಾನೂನಿಗೆ ಅಪರಾಧ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು. ಕಲಂ 4ರ ಪ್ರಕಾರ, ವೇಶ್ಯೆಯೊಡನೆ ವಾಸಿಸುವವನು ಅಥವಾ ಸದಾ ಆಕೆಯ ಸಂಗದಲ್ಲಿರುವವನು ಆಕೆಯ ಗಳಿಕೆಯ ಮೇಲೆಯೇ ಬದುಕುತ್ತಿದ್ದಾನೆಂದು, ಬೇರೆ ರೀತಿ ಸಾಬೀತಾಗುವವರೆಗೆ, ನ್ಯಾಯಾಲಯ ಭಾವಿಸಬೇಕು. ತಲೆಹಿಡುಕನನ್ನು ಹಿಡಿಯಲೆಂದು ಹೆಣೆದ ಬಲೆಯಿದು. ಆದರೆ ಹದಿನೆಂಟು ತುಂಬಿಯೂ ಓದು ಮುಂದುವರಿಸುವ ಮಗನೂ, ಹಾಸಿಗೆ ಹಿಡಿದ ಮುದಿ ತಾಯಿಯೂ ಇದೇ ಬಲೆಯ ಒಳಗೇ ಬೀಳುತ್ತಾರೆ. ನಿನ್ನೆಯವರೆಗೆ ತಾಯಿ ಕಟ್ಟಿದ ಕಾಲೇಜಿನ ಶುಲ್ಕ ಮಮತೆಯ ಗುರುತಾಗಿತ್ತು. ಮಗನ ಹುಟ್ಟುಹಬ್ಬದ ಮರುದಿನ ಅದೇ ಹಣ ಅವನ ಮೇಲಿನ ಆರೋಪಕ್ಕೆ ಆಧಾರವಾಗಬಲ್ಲದು. ಎಲ್ಲರ ಮೇಲೂ ಮೊಕದ್ದಮೆ ನಡೆಯುವುದಿಲ್ಲವೆಂಬುದು ನಿಜ. ಆದರೆ ಬೆದರಿಕೆಗೆ ಮೊಕದ್ದಮೆ ಬೇಕಾಗಿಲ್ಲ. ಕಲಮಿನ ಹೆಸರು ಹೇಳಿದರೆ ಸಾಕು.

ಮಕ್ಕಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು ಉದಾರವಾದ ಮಾತುಗಳನ್ನಾಡಿದೆ. ಇಂಥ ಮಕ್ಕಳಿಗೆ ಪ್ರತ್ಯೇಕ ಶಾಲೆಗಳನ್ನು ತೆರೆಯಬೇಕೆಂಬ ಬೇಡಿಕೆಯೊಂದು ಬಂದಾಗ, ಬೇರ್ಪಡಿಸುವುದು ಅವರ ಹಿತಕ್ಕೆ ತಕ್ಕುದಲ್ಲವೆಂದು ಅದು ಒಪ್ಪಲಿಲ್ಲ. 1997ರ ತೀರ್ಪಿನಲ್ಲಿ, ಹುಟ್ಟಿನ ಕಳಂಕವನ್ನು ಹೊರಿಸದೆ ಇತರ ಮಕ್ಕಳಂತೆಯೇ ಸಮಾನ ಅವಕಾಶ, ಘನತೆ, ಪೋಷಣೆಗಳನ್ನು ಪಡೆಯುವುದು ಅವರ ಹಕ್ಕೆಂದು ಸಾರಿತು. ಆದರೆ ಶಾಲೆಯ ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಸಾಲನ್ನು ತುಂಬುವಾಗ ಲೇಖನಿ ತಡವರಿಸುವ ತಾಯಿಗೆ ತೀರ್ಪಿನ ಪ್ರತಿ ಕೈಯಲ್ಲಿರುವುದಿಲ್ಲ.

ಬೀದಿ, ದಾಳಿ, ರಕ್ಷಣಾಗೃಹ

200 ಮೀಟರುಗಳ ನಿಯಮವನ್ನು ಹಾಳೆಯ ಮೇಲೆ ಓದಿದರೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಮುಂಬಯಿಯಂಥ ನಗರದ ಹಳೆಯ ವಠಾರಗಳಲ್ಲಿ ಗುಡಿ, ಮಸೀದಿ, ಶಾಲೆ, ದವಾಖಾನೆ ಇವುಗಳಲ್ಲಿ ಒಂದಾದರೂ 200 ಮೀಟರುಗಳ ಒಳಗೆ ಇಲ್ಲದ ಗಲ್ಲಿ ಎಲ್ಲಿದೆ? ನಿಯಮ ಎಲ್ಲೆಡೆಯೂ ಅನ್ವಯಿಸುವಂತಿದ್ದರೆ, ಯಾವಾಗ ಅನ್ವಯಿಸಬೇಕೆಂಬುದು ಠಾಣೆಯವರ ಇಚ್ಛೆಗೆ ಬಿಟ್ಟುದಾಗುತ್ತದೆ. ಅದೇ ರೀತಿ ಕಲಂ 8ರಲ್ಲಿ ಹೆಣ್ಣಿಗೆ ಮೊದಲನೆಯ ಸಲ ಆರು ತಿಂಗಳವರೆಗೆ ಸೆರೆವಾಸ ಅಥವಾ ಐದುನೂರು ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಅದೇ ಕೃತ್ಯಕ್ಕೆ ಗಂಡಸಿಗಿರುವ ಸೆರೆವಾಸ ಏಳು ದಿನಗಳಿಂದ ಮೂರು ತಿಂಗಳು. ತಕ್ಕಡಿ ಯಾವ ಕಡೆಗೆ ವಾಲಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ದಾಳಿಗಳ ಉದ್ದೇಶ ಬಲವಂತಕ್ಕೆ ಸಿಕ್ಕಿದವರನ್ನು ಬಿಡಿಸುವುದು. 1996ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ದೊಡ್ಡ ದಾಳಿಯಲ್ಲಿ 400ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಹೊರತರಲಾಯಿತು. ಅವರಲ್ಲಿ ಬಹಳ ಮಂದಿ ನೇಪಾಳದವರು. ಅಂಥವರಿಗೆ ದಾಳಿ ಬಿಡುಗಡೆಯೇ ಸರಿ. ಆದರೆ ಪೊಲೀಸರು ಬಿಡಿಸಿ ತಂದ ವಯಸ್ಕ ಹೆಂಗಸನ್ನೂ ಮ್ಯಾಜಿಸ್ಟ್ರೇಟರು ವಿಚಾರಣೆಯ ನಂತರ ಒಂದರಿಂದ ಮೂರು ವರ್ಷ ರಕ್ಷಣಾಗೃಹದಲ್ಲಿ ಇರಿಸಬಹುದು. ಅಪರಾಧ ಮಾಡಿದವರಿಗೆ ಎಷ್ಟು ದಿನದ ಸೆರೆಯೆಂದು ಗೊತ್ತಿರುತ್ತದೆ; ರಕ್ಷಿಸಲ್ಪಟ್ಟ ಹೆಂಗಸಿಗೆ ಕೆಲವೊಮ್ಮೆ ಅದಕ್ಕಿಂತ ದೀರ್ಘವಾದ ವಾಸ. ಅಷ್ಟರಲ್ಲಿ ಮಗನ ಓದು ನಿಂತಿರುತ್ತದೆ, ಖೋಲಿ ಕೈಬಿಟ್ಟಿರುತ್ತದೆ, ಬಿಡಿಸಿಕೊಳ್ಳಲು ಮಾಡಿದ ಸಾಲ ಬೆಳೆದಿರುತ್ತದೆ. ಆ ಸಾಲ ತೀರಿಸಲು ಆಕೆ ಮರಳುವುದು ಅದೇ ಬಾಗಿಲಿಗೆ.

2020ರ ಸೆಪ್ಟೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಮಾಲಾಡಿನ ಪ್ರಕರಣವೊಂದರಲ್ಲಿ ಹೀಗೆ ಇರಿಸಲಾಗಿದ್ದ ಮೂವರು ಯುವತಿಯರ ಬಿಡುಗಡೆಗೆ ಆಜ್ಞೆ ಮಾಡಿತು. ವೇಶ್ಯಾವೃತ್ತಿಯನ್ನು ಈ ಕಾಯಿದೆ ತನ್ನಷ್ಟಕ್ಕೆ ಅಪರಾಧವೆಂದು ಹೇಳುವುದಿಲ್ಲ, ವಯಸ್ಕ ಹೆಂಗಸನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕಲಾಗದು ಎಂಬುದು ಅದರ ಅಭಿಪ್ರಾಯ.

ಆಸ್ಪತ್ರೆಯ ಬಾಗಿಲು

ಈ ಎಲ್ಲ ಭಯಗಳೂ ಕೊನೆಗೆ ಬಂದು ಸೇರುವುದು ಆರೋಗ್ಯದ ಬಳಿ. ಏಡ್ಸ್ ವೈರಾಣುವನ್ನೂ ಇತರ ಲೈಂಗಿಕ ರೋಗಗಳನ್ನೂ ತಡೆಯಲು ಸುಲಭವಾದ, ಅಗ್ಗವಾದ ಸಾಧನ ನಿರೋಧ್. ಆದರೆ ಬಹುಕಾಲ ದಾಳಿಯ ಸಂದರ್ಭದಲ್ಲಿ ಚೀಲದಲ್ಲಿ ಸಿಕ್ಕ ನಿರೋಧ್ ಪೊಟ್ಟಣವನ್ನೇ ಅಪರಾಧದ ಪುರಾವೆಯೆಂದು ಹಾಜರುಪಡಿಸುವ ಪರಿಪಾಠವಿತ್ತು. ಆರೋಗ್ಯ ಇಲಾಖೆ ಒಂದು ಕೈಯಿಂದ ಹಂಚಿದುದನ್ನು ಪೊಲೀಸ್ ಇಲಾಖೆ ಇನ್ನೊಂದು ಕೈಯಿಂದ ವಶಪಡಿಸಿಕೊಳ್ಳುತ್ತಿತ್ತು. ಸಿಕ್ಕಿಬೀಳುವ ಭಯದಿಂದ ಪೊಟ್ಟಣವನ್ನು ಎಸೆದ ಹೆಂಗಸು ಆ ರಾತ್ರಿ ಅದಿಲ್ಲದೆಯೇ ಗಿರಾಕಿಯನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. ಬೀದಿಯಲ್ಲಿ ಅವಸರದಿಂದ ಮಾತು ಮುಗಿಸಬೇಕಾದಾಗ ನಿರೋಧ್ ಬಳಸೆಂದು ಹಟ ಹಿಡಿಯಲೂ, ಬಂದವನು ಎಂಥವನೆಂದು ಅಳೆದು ನೋಡಲೂ ಸಮಯವಿರುವುದಿಲ್ಲ.

1990ರ ದಶಕದಲ್ಲಿ ಮುಂಬಯಿಯ ಈ ಕೇರಿಗಳಲ್ಲಿ ಪರೀಕ್ಷೆಗೊಳಗಾದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೋಂಕು ತಗುಲಿತ್ತು. ಆ ಸೋಂಕು ಅಲ್ಲಿಯೇ ನಿಲ್ಲಲಿಲ್ಲ. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ನಗರದಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ಗಂಡಸರ ಮೂಲಕ ಅದು ರೈಲು, ಲಾರಿಗಳಲ್ಲಿ ಪ್ರಯಾಣ ಮಾಡಿ, ಏನೂ ಅರಿಯದ ಗೃಹಿಣಿಯರನ್ನೂ ಹುಟ್ಟುವ ಶಿಶುಗಳನ್ನೂ ಸೇರಿತು. ಉತ್ತರ ಕರ್ನಾಟಕದ ಹಳ್ಳಿಗಳು ಇದಕ್ಕೆ ತೆತ್ತ ಬೆಲೆ ಸಾಮಾನ್ಯವಾದುದಲ್ಲ.

ಇದಕ್ಕೆ ವಿರುದ್ಧವಾದ ಅನುಭವವೂ ಇದೆ. ಕಲ್ಕತ್ತೆಯ ಸೋನಾಗಾಛಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರ ನೇತೃತ್ವದಲ್ಲಿ ಆರಂಭವಾದ ಯೋಜನೆಯು ಅಲ್ಲಿನ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತರಬೇತುಗೊಳಿಸಿತು. ಆಗ ನೂರಕ್ಕೆ ಮೂರರಷ್ಟಿದ್ದ ನಿರೋಧ್ ಬಳಕೆ ಕೆಲವೇ ವರ್ಷಗಳಲ್ಲಿ ಎಂಬತ್ತನ್ನು ದಾಟಿತು. 1995ರಲ್ಲಿ ಅವರು ತಮ್ಮದೇ ಸಂಘವನ್ನೂ 'ಉಷಾ' ಎಂಬ ಸಹಕಾರಿ ಸಂಸ್ಥೆಯನ್ನೂ ಸ್ಥಾಪಿಸಿಕೊಂಡರು. ಸಾಂಗಲಿಯಲ್ಲಿ 1996ರಲ್ಲಿ ಹುಟ್ಟಿದ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತಿನಲ್ಲಿ ಗಡಿಜಿಲ್ಲೆಗಳ ಕನ್ನಡ ಹೆಣ್ಣುಮಕ್ಕಳು ಸೇರಿದ್ದಾರೆ. ಮೈಸೂರಿನ ಅಶೋದಯ ಸಮಿತಿಯೂ ಇದೇ ಹಾದಿಯಲ್ಲಿ ಕೆಲಸ ಮಾಡಿದೆ. 2021ರ ಸುಮಾರಿಗೆ ದೇಶದಾದ್ಯಂತ ಈ ವೃತ್ತಿಯ ಹೆಂಗಸರಲ್ಲಿ ಸೋಂಕಿನ ಪ್ರಮಾಣ ನೂರಕ್ಕೆ ಎರಡರ ಆಸುಪಾಸಿಗೆ ಇಳಿದಿತ್ತು. ದಾಳಿಗಳು ಮಾಡಲಾರದ ಕೆಲಸವನ್ನು ವಿಶ್ವಾಸ ಮಾಡಿತು.

'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕೆನಡಾದ ವ್ಯಾಂಕೂವರ್, ಕೀನ್ಯಾದ ಮೊಂಬಾಸಾ ಮತ್ತು ಕರ್ನಾಟಕದ ಬಳ್ಳಾರಿಗಳ ಸ್ಥಿತಿಯನ್ನು ಗಣಿತದ ಮೂಲಕ ಲೆಕ್ಕ ಹಾಕಿತು. ಈ ವೃತ್ತಿಗೆ ಅಂಟಿದ ಅಪರಾಧದ ಪಟ್ಟಿಯನ್ನು ತೆಗೆದುಹಾಕಿದರೆ ಹತ್ತು ವರ್ಷಗಳಲ್ಲಿ ಹೊಸ ಸೋಂಕುಗಳ ಶೇಕಡಾ 33ರಿಂದ 46ರಷ್ಟನ್ನು ತಪ್ಪಿಸಬಹುದೆಂದು ಅದು ಅಂದಾಜು ಮಾಡಿತು. ಯಾವ ಔಷಧವೂ ಇಲ್ಲದೆ, ಕೇವಲ ಕಾನೂನಿನ ಮಾರ್ಪಾಡಿನಿಂದ ದೊರೆಯಬಹುದಾದ ಲಾಭವಿದು.

ಗುರುತುಪತ್ರ ಮತ್ತು ಪಡಿತರ

ವಿಳಾಸವಿಲ್ಲದವರಿಗೆ ಗುರುತುಪತ್ರವಿಲ್ಲ, ಗುರುತುಪತ್ರವಿಲ್ಲದವರಿಗೆ ಪಡಿತರ ಚೀಟಿಯಿಲ್ಲ, ಬ್ಯಾಂಕಿನ ಖಾತೆಯಿಲ್ಲ. ಉಳಿತಾಯವನ್ನು ಒಡತಿಯ ಬಳಿಯೋ ಬಡ್ಡಿಯವನ ಬಳಿಯೋ ಇಡಬೇಕು. 2020ರಲ್ಲಿ ಕೊರೋನಾ ಪಿಡುಗಿನಿಂದ ನಗರಗಳು ಮುಚ್ಚಿದಾಗ ಈ ಕೊರತೆ ಹಸಿವಿನ ರೂಪದಲ್ಲಿ ಎದುರಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಗುರುತಿನ ಪುರಾವೆಯನ್ನು ಕೇಳದೆ ಇವರಿಗೆ ಪಡಿತರ ಒದಗಿಸಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿತು.

2022ರ ಆದೇಶ

1999ರಲ್ಲಿ ಕಲ್ಕತ್ತೆಯಲ್ಲಿ ಇಂಥ ಒಬ್ಬ ಹೆಂಗಸಿನ ಕೊಲೆಯಾಯಿತು. ಅಪರಾಧಿಯ ಮೇಲ್ಮನವಿಯನ್ನು 2011ರಲ್ಲಿ ತಳ್ಳಿಹಾಕಿದ ಸರ್ವೋಚ್ಚ ನ್ಯಾಯಾಲಯ, ಪ್ರಕರಣವನ್ನು ಅಲ್ಲಿಗೇ ಮುಗಿಸದೆ, ಈ ಹೆಂಗಸರ ಬದುಕಿನ ಸ್ಥಿತಿಯನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಅದರ ಶಿಫಾರಸುಗಳ ಆಧಾರದ ಮೇಲೆ 2022ರ ಮೇ 19ರಂದು ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ. ಆರ್. ಗವಾಯಿ ಹಾಗೂ ಕೊಡಗಿನವರಾದ ಎ. ಎಸ್. ಬೋಪಣ್ಣ ಅವರ ಪೀಠ ಆದೇಶ ಹೊರಡಿಸಿತು. ಸಂಸತ್ತು ಕಾನೂನು ಮಾಡುವವರೆಗೆ ಪಾಲಿಸಬೇಕಾದ ಅಂಶಗಳು ಅದರಲ್ಲಿವೆ:

1. ಲೈಂಗಿಕ ಹಲ್ಲೆಗೆ ತುತ್ತಾದ ಇಂಥ ಹೆಂಗಸಿಗೆ ಇತರರಿಗೆ ಸಿಗುವಂತೆಯೇ ತಕ್ಷಣ ವೈದ್ಯಕೀಯ ನೆರವು ಸಿಗಬೇಕು.

2. ರಕ್ಷಣಾಗೃಹಗಳ ಸಮೀಕ್ಷೆ ನಡೆಸಿ, ಇಚ್ಛೆಗೆ ವಿರುದ್ಧವಾಗಿ ಇರಿಸಿರುವ ವಯಸ್ಕ ಹೆಂಗಸರ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು.

3. ಪೊಲೀಸರು ಅವರನ್ನು ಗೌರವದಿಂದ ಕಾಣಬೇಕು. ಮಾತಿನಿಂದಾಗಲಿ ಕೈಯಿಂದಾಗಲಿ ಹಿಂಸಿಸಬಾರದು.

4. ದಾಳಿಯ ವೇಳೆ ಅವರ ಚಿತ್ರವನ್ನಾಗಲಿ ಗುರುತನ್ನಾಗಲಿ ಪತ್ರಿಕೆಗಳು ಬಹಿರಂಗಪಡಿಸಬಾರದು.

5. ಆರೋಗ್ಯ ರಕ್ಷಣೆಗಾಗಿ ಬಳಸುವ ನಿರೋಧ್ ಮುಂತಾದ ಸಾಧನಗಳನ್ನು ಅಪರಾಧದ ಪುರಾವೆಯಾಗಿ ಪರಿಗಣಿಸಬಾರದು.

6. ವಿಳಾಸದ ಪುರಾವೆ ಇಲ್ಲದಿದ್ದರೂ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿ ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ಚೀಟಿಯನ್ನು ನೀಡಬೇಕು; ವೃತ್ತಿಯ ಗುಟ್ಟು ಅದರಿಂದ ಬಯಲಾಗದಂತೆ ನೋಡಿಕೊಳ್ಳಬೇಕು.

ಆದೇಶವನ್ನು ಕುರಿತು ಒಂದು ತಪ್ಪು ತಿಳಿವಳಿಕೆ ಹರಡಿದೆ. ವೇಶ್ಯಾವೃತ್ತಿ ಪೂರ್ತಿಯಾಗಿ ಸಕ್ರಮವಾಯಿತೆಂದು ಕೆಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಸ್ವಇಚ್ಛೆಯಿಂದ ಇರುವ ವಯಸ್ಕರ ವಿಷಯದಲ್ಲಿ ಪೊಲೀಸರು ಕೈಹಾಕಬಾರದು, ದಾಳಿಯಲ್ಲಿ ಅವರನ್ನು ದಸ್ತಗಿರಿ ಮಾಡಬಾರದು, ತಾಯಿಯಿಂದ ಮಗುವನ್ನು ಈ ಒಂದೇ ಕಾರಣಕ್ಕೆ ಅಗಲಿಸಬಾರದು ಎಂಬ ಶಿಫಾರಸುಗಳನ್ನೂ ಸಮಿತಿ ಮಾಡಿತ್ತು. ಅವುಗಳ ಬಗ್ಗೆ ಕೇಂದ್ರ ಸರ್ಕಾರ ಭಿನ್ನಾಭಿಪ್ರಾಯ ಸೂಚಿಸಿದುದರಿಂದ ಅವು ಆ ಆದೇಶದ ಕಡ್ಡಾಯ ಅಂಶಗಳಲ್ಲಿ ಸೇರಲಿಲ್ಲ. 1956ರ ಕಾಯಿದೆಯ ಕಲಮುಗಳನ್ನು ಈ ಆದೇಶ ಅಳಿಸಿಹಾಕಲಿಲ್ಲ.

2017ರ ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯಿದೆಯನ್ನೂ ಇಲ್ಲಿ ನೆನೆಯಬೇಕು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ರೋಗಿಯ ಗುಟ್ಟನ್ನು ಬಯಲು ಮಾಡುವುದನ್ನೂ ಸೋಂಕಿತರನ್ನು ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆಯ ಮನೆಗಳಿಂದ ದೂಡುವುದನ್ನೂ ಅದು ತಡೆಯುತ್ತದೆ. ಸೋಂಕನ್ನು ತಗ್ಗಿಸಲು ನಿರೋಧ್ ಹಂಚುವುದು ಯಾವ ಕಾನೂನಿನಡಿಯೂ ಅಪರಾಧವಲ್ಲವೆಂದು ಸ್ಪಷ್ಟಪಡಿಸುತ್ತದೆ.

ಭಿನ್ನ ಮತಗಳು

ಮುಂದಿನ ದಾರಿಯ ಬಗ್ಗೆ ವಿಚಾರವಂತರಲ್ಲಿ ಒಮ್ಮತವಿಲ್ಲ. ಸ್ವೀಡನ್ ದೇಶ 1999ರಲ್ಲಿ ಕೊಳ್ಳುವ ಗಂಡಸನ್ನು ಅಪರಾಧಿಯನ್ನಾಗಿಸಿ ಹೆಣ್ಣನ್ನು ಶಿಕ್ಷೆಯಿಂದ ಬಿಡುಗಡೆ ಮಾಡಿತು. ನ್ಯೂಜಿಲೆಂಡ್ 2003ರಲ್ಲಿ ವಯಸ್ಕರ ವೃತ್ತಿಯನ್ನು ಅಪರಾಧಗಳ ಪಟ್ಟಿಯಿಂದ ತೆಗೆದು ಇತರ ಉದ್ಯೋಗಗಳಂತೆ ಸುರಕ್ಷತಾ ನಿಯಮಗಳಿಗೆ ಒಳಪಡಿಸಿತು. ಬಡತನ ಮತ್ತು ಜಾತಿಯ ಒತ್ತಡದಲ್ಲಿ 'ಸ್ವಇಚ್ಛೆ' ಎಂಬ ಮಾತಿಗೆ ಅರ್ಥವೇನೆಂದು ಕೇಳುವವರ ಪ್ರಶ್ನೆಯೂ ತೂಕವುಳ್ಳದ್ದೇ. ಮುತ್ತು ಕಟ್ಟಿಸಿಕೊಂಡ ಬಾಲೆಯ ಇಚ್ಛೆಯನ್ನು ಯಾರೂ ಕೇಳಿರಲಿಲ್ಲ. ಆದರೆ ಆ ಬಾಲೆ ಇಂದು ಮೂವತ್ತೆಂಟರ ತಾಯಿಯಾಗಿದ್ದರೆ, ಆಕೆಗೆ ಅಂದು ಆದ ಅನ್ಯಾಯಕ್ಕಾಗಿ ಇಂದು ಆಕೆಯ ಮನೆಯನ್ನೂ ಮಗನನ್ನೂ ಔಷಧವನ್ನೂ ಕಸ್ಟಡಿಗೆ ತೆಗೆದುಕೊಳ್ಳುವುದು ನ್ಯಾಯವಾಗಲಾರದು. ಈ ಒಂದು ಅಂಶವನ್ನಂತೂ ಎರಡೂ ಪಕ್ಷದವರು ಒಪ್ಪಬಹುದು.

ನಾಗರಿಕರ ಪಾಲು

ಕಾನೂನನ್ನು ತಿದ್ದುವುದು ಸಂಸತ್ತಿನ ಕೆಲಸ. ಆದರೆ ಕಾನೂನಿನ ನೆರಳನ್ನು ಉದ್ದ ಮಾಡುವುದೂ ಕುಗ್ಗಿಸುವುದೂ ಬಹುಮಟ್ಟಿಗೆ ನೆರೆಹೊರೆಯವರ ಕೈಯಲ್ಲಿದೆ. ಔಷಧದ ಅಂಗಡಿಯವರು, ವೈದ್ಯರು, ಶಿಕ್ಷಕರು, ಬ್ಯಾಂಕಿನ ಗುಮಾಸ್ತರು, ಲಾಡ್ಜಿಂಗ್ ನಡೆಸುವವರು ಕನ್ನಡಿಗರಲ್ಲಿ ಬೇಕಾದಷ್ಟಿದ್ದಾರೆ. ದವಾಖಾನೆಗೆ ಬಂದ ಹೆಂಗಸಿನ ವೃತ್ತಿಯನ್ನು ಗಟ್ಟಿಯಾಗಿ ಕೇಳದಿರುವುದು, ಶಾಲೆಯಲ್ಲಿ ತಾಯಿಯ ಹೆಸರೊಂದೇ ಸಾಕೆಂದು ಅರ್ಜಿಯನ್ನು ಸ್ವೀಕರಿಸುವುದು, ಹದಿಹರೆಯದ ಹುಡುಗಿಯೊಬ್ಬಳನ್ನು ಯಾರೋ ಕರೆತಂದಿದ್ದಾರೆಂದು ಸಂಶಯ ಬಂದೊಡನೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುವುದು: ಇವುಗಳಿಗೆ ಯಾವ ತಿದ್ದುಪಡಿಯೂ ಬೇಕಾಗಿಲ್ಲ.

ಸೋಂಕಿನ ಸಂಶಯವಿರುವವರು, ಗಂಡಸರಾಗಲಿ ಹೆಂಗಸರಾಗಲಿ, ಸರ್ಕಾರಿ ಆಸ್ಪತ್ರೆಗಳ ಆಪ್ತಸಲಹಾ ಕೇಂದ್ರಗಳಲ್ಲಿ ಗುಟ್ಟಾಗಿ, ಉಚಿತವಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು. 2004ರಿಂದ ಚಿಕಿತ್ಸೆಯೂ ಉಚಿತವಾಗಿ ಲಭ್ಯವಿದೆ. ಔಷಧವನ್ನು ತಪ್ಪದೆ ಸೇವಿಸುವವರು ದೀರ್ಘಕಾಲ ಆರೋಗ್ಯದಿಂದ ಬಾಳಬಲ್ಲರು. ಮುಟ್ಟುವುದರಿಂದಾಗಲಿ ಜೊತೆಯಲ್ಲಿ ಉಣ್ಣುವುದರಿಂದಾಗಲಿ ಈ ರೋಗ ಹರಡದು.

1868ರ ಕಾಯಿದೆ ಹೆಣ್ಣನ್ನು ಹುಡುಕಿತು, ರೋಗವನ್ನು ಕಳೆದುಕೊಂಡಿತು. ಸೋನಾಗಾಛಿ, ಸಾಂಗಲಿ, ಮೈಸೂರುಗಳ ಪ್ರಯತ್ನ ಹೆಣ್ಣಿನ ಮಾತನ್ನು ಕೇಳಿತು, ರೋಗವನ್ನು ಹಿಡಿಯಿತು. ಗೋಕಾಕದ ಕಡೆಯ ಆ ತಾಯಿ ಜ್ವರ ಬಂದ ದಿನ ಹೆದರದೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವಂತಾದರೆ, ಆಕೆಯ ಹಿಂದೆ ನಿಂತ ಎಲ್ಲರ ಆರೋಗ್ಯಕ್ಕೂ ಅದರಿಂದ ಕ್ಷೇಮ.